ನಿಂತಲ್ಲೇ ಕುಗ್ಗಿದ ಸೇತುವೆ

ಮನೆಯ ತಾರಸಿಗೆ ಕಾಂಕ್ರೀಟ್ ಹಾಕಿದ ಮೇಲೆ ಸೆಂಟ್ರಿಂಗ್ ಬಿಚ್ಚಲು ಮೇಸ್ತ್ರಿ ಆತುರಪಡುವುದಿಲ್ಲ. ಪಾತಿ ಕಟ್ಟಿ ನೀರು ನಿಲ್ಲಿಸಿ, ಎರಡು ಮೂರು ವಾರ ಕಾದು, ಆಮೇಲೆ ಕೆಳಗಿನ ಆಧಾರದ ಕಂಬಗಳನ್ನು ಒಂದೊಂದಾಗಿ ತೆಗೆಸುತ್ತಾನೆ. ಆ ಹೊತ್ತಿಗೆ ತಾರಸಿ ತನ್ನ ಭಾರವನ್ನು ತಾನೇ ಹೊರಲು ತೊಡಗುತ್ತದೆ; ಕಣ್ಣಿಗೆ ಕಾಣದಷ್ಟು ಕೆಳಕ್ಕೆ ಬಾಗುತ್ತದೆ. ಅಲ್ಲಿಗೆ ಆಗಬೇಕಾದ್ದೆಲ್ಲ ಆಯಿತು, ಇನ್ನು ಅದು ಕಲ್ಲು ಎಂದು ನಾವು ನಿಶ್ಚಿಂತರಾಗುತ್ತೇವೆ.

ನೂರು ವರ್ಷಗಳ ಹಿಂದೆ ಎಂಜಿನಿಯರುಗಳೂ ಹಾಗೆಯೇ ತಿಳಿದಿದ್ದರು. ಭಾರ ಹೇರಿದಾಗ ಕಾಂಕ್ರೀಟು ಎಷ್ಟು ಕುಗ್ಗಬೇಕೋ ಅಷ್ಟು ಆಗಲೇ ಕುಗ್ಗುತ್ತದೆ, ಭಾರ ತೆಗೆದರೆ ಹಿಂದಕ್ಕೆ ಬರುತ್ತದೆ, ಹಾಗೆಯೇ ಇಟ್ಟರೆ ಹಾಗೆಯೇ ಇರುತ್ತದೆ. ಅಂದರೆ ಅದರ ಯಂಗ್ ಗುಣಾಂಕ ಒಂದು ಸ್ಥಿರಾಂಕ. ಫ್ರಾನ್ಸಿನ ಸರ್ಕಾರ 1906ರಲ್ಲಿ ಹೊರಡಿಸಿದ ಪ್ರಬಲಿತ ಕಾಂಕ್ರೀಟಿನ ನಿಯಮಾವಳಿಯೂ ಇದೇ ನಂಬಿಕೆಯ ಮೇಲೆ ನಿಂತಿತ್ತು. ಅದಾಗಿ ಐದೇ ವರ್ಷಕ್ಕೆ, ಆ ದೇಶದಲ್ಲೇ ಹರಿಯುವ ಅಲಿಯೇ ನದಿಯ ಮೇಲೆ ಹೊಸದಾಗಿ ಕಟ್ಟಿದ ಕಮಾನು ಸೇತುವೆಯೊಂದು ನಿಂತಲ್ಲೇ ಕುಗ್ಗತೊಡಗಿತು. ಅದನ್ನು ಕಟ್ಟಿಸಿದ ತರುಣ ಎಂಜಿನಿಯರ್ ಒಂದು ರಾತ್ರಿ ಸೈಕಲ್ ಹತ್ತಿ ಅದನ್ನು ಉಳಿಸಲು ಹೋದ. ಇಂದು ನಮ್ಮ ಮೇಲ್ಸೇತುವೆಗಳು, ಮೆಟ್ರೋ ಹಳಿಯ ತೊಲೆಗಳು ನಿಂತಿರುವ ರೀತಿಗೂ ಆ ರಾತ್ರಿಗೂ ನೇರ ಸಂಬಂಧವಿದೆ.

ಮೂರು ಸೇತುವೆ, ಒಂದರ ಬೆಲೆ

ಅಲಿಯೇ ನದಿ ಲುವಾರ್ ನದಿಯ ಉಪನದಿ. ಅಗಲವಾದ, ಸಪಾಟು ಕಣಿವೆಯಲ್ಲಿ ಹರಿಯುತ್ತದೆ. ಮಳೆಗಾಲದ ನಮ್ಮ ನದಿಗಳಂತೆ ಒಮ್ಮೆಲೇ ಉಕ್ಕುತ್ತದೆ. ಅದರ ದಡದ ಮೂಲ್ಯಾಂ ಪಟ್ಟಣಕ್ಕೆ 1905ರಲ್ಲಿ ಸರ್ಕಾರಿ ಎಂಜಿನಿಯರಾಗಿ ಬಂದವನು ಯೂಜೀನ್ ಫ್ರೇಸಿನೆ. ಹುಟ್ಟಿದ್ದು 1879ರಲ್ಲಿ, ಕೊರೆಜ್ ಪ್ರಾಂತದ ಒಂದು ಸಣ್ಣ ಊರಿನಲ್ಲಿ. ಓದಿದ್ದು ಪ್ಯಾರಿಸಿನ ಹೆಸರಾಂತ ಎಂಜಿನಿಯರಿಂಗ್ ಶಾಲೆಗಳಲ್ಲಿ.

ನದಿಯ ಮೇಲೆ ಮೂರು ಕಡೆ ಹಳೆಯ ಸೇತುವೆಗಳ ಬದಲಿಗೆ ಹೊಸವು ಬೇಕಾಗಿದ್ದವು: ಲ ವರ್ದ್ರ್, ಶಾತೆಲ್-ದ-ನವ್ರ್ ಮತ್ತು ವಿಶಿ ಪಟ್ಟಣದ ಸಮೀಪದ ಬೂತಿರೋಂ. ಮೊದಲ ಯೋಚನೆಯಂತೆ ಕಲ್ಲಿನ ಸೇತುವೆ ಕಟ್ಟಿದ್ದರೆ ಇದ್ದ ಹಣವೆಲ್ಲ ಒಂದಕ್ಕೇ ಮುಗಿದುಹೋಗುತ್ತಿತ್ತು. ಫ್ರೇಸಿನೆ ತೆಳ್ಳಗಿನ ಕಾಂಕ್ರೀಟ್ ಕಮಾನುಗಳ ನಕ್ಷೆ ಮಾಡಿದ. ಅದನ್ನು ನೋಡಿದ ಗುತ್ತಿಗೆದಾರ ಫ್ರಾಂಸ್ವಾ ಮೆರ್ಸಿಯೇ, ಒಂದರ ಬೆಲೆಗೆ ಮೂರನ್ನೂ ಕಟ್ಟಿಕೊಡುತ್ತೇನೆ, ಹೊಣೆಯೂ ನನ್ನದೇ ಎಂದು ಮುಂದೆ ಬಂದ. ಇಪ್ಪತ್ತೆಂಟರ ಆಸುಪಾಸಿನ ಎಂಜಿನಿಯರನೊಬ್ಬನ ಕೈಗೆ ಮೂರು ದೊಡ್ಡ ಸೇತುವೆಗಳು ಬಂದದ್ದು ಹೀಗೆ. ಇಂದಿನ ಟೆಂಡರ್ ಪದ್ಧತಿಯಲ್ಲಿ ಇದು ನಡೆಯುವ ಮಾತಲ್ಲ!

ಲ ವರ್ದ್ರ್ ಸೇತುವೆಗೆ ಮೂರು ಕಮಾನುಗಳು. ನಡುವಿನದರ ಹರವು 72.5 ಮೀ., ಎರಡು ಪಕ್ಕದವು 67.5 ಮೀ. ಕಮಾನಿನ ಪಾದದಿಂದ ನೆತ್ತಿಗೆ ಇದ್ದ ಎತ್ತರ ಮಾತ್ರ ಹರವಿನ ಹದಿನೈದನೆಯ ಒಂದು ಭಾಗ, ಅಂದರೆ ನಡುವಿನ ಕಮಾನಿಗೆ ಐದು ಮೀಟರಿಗೂ ಕಡಿಮೆ. ಕಮಾನಿಗೂ ರಸ್ತೆಗೂ ನಡುವಣ ಜಾಗದಲ್ಲಿ ಕಲ್ಲುಮಣ್ಣು ತುಂಬದೆ ತೆಳುವಾದ ಓರೆಪಟ್ಟಿಗಳ ಹಂದರ ಮಾಡಿದ್ದರು. ದೂರದಿಂದ ನೋಡಿದವರಿಗೆ ಅದು ಕಮಾನೋ ತೊಲೆಯೋ ಎಂದು ಅನುಮಾನ ಬರಬೇಕು, ಅಷ್ಟು ಚಪ್ಪಟೆ.

ಇಷ್ಟು ಚಪ್ಪಟೆ ಯಾಕೆ? ದಡಗಳು ತಗ್ಗಿನಲ್ಲಿವೆ, ರಸ್ತೆಯನ್ನು ತುಂಬ ಎತ್ತರಿಸುವಂತಿಲ್ಲ. ಪ್ರವಾಹದ ನೀರು ಕೆಳಗೆ ಸರಾಗ ಹರಿಯಬೇಕಾದ್ದರಿಂದ ಕಂಬಗಳೂ ಹೆಚ್ಚು ಬೇಡ. ಹರವು ದೊಡ್ಡದು, ಎತ್ತರ ಸಣ್ಣದು ಎಂದರೆ ಕಮಾನು ಚಪ್ಪಟೆಯಾಗಲೇಬೇಕು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಕಮಾನು ತನ್ನ ಮೇಲಿನ ಭಾರವನ್ನು ಒತ್ತುಬಲವಾಗಿ ಮಾರ್ಪಡಿಸಿ ಪಾದಗಳಿಗೆ ಸಾಗಿಸುತ್ತದೆ. ಪಾದಗಳು ಹೊರಕ್ಕೆ ಒತ್ತುತ್ತವೆ. ಹರವಿನುದ್ದಕ್ಕೂ ಒಂದೇ ಸಮನೆ ಹಂಚಿದ ಭಾರಕ್ಕೆ ಈ ಅಡ್ಡ ಒತ್ತನ್ನು wL²/8f ಎಂದು ಲೆಕ್ಕ ಹಾಕಬಹುದು. ಇಲ್ಲಿ w ಪ್ರತಿ ಮೀಟರಿನ ಭಾರ, L ಹರವು, f ನೆತ್ತಿಯ ಎತ್ತರ. f ಛೇದದಲ್ಲಿದೆ ಎಂಬುದನ್ನು ಗಮನಿಸಿ. ಹರವಿನ ಕಾಲುಭಾಗ ಎತ್ತರವಿರುವ ಕಮಾನಿಗೆ ಹೋಲಿಸಿದರೆ ಹದಿನೈದನೆಯ ಭಾಗ ಎತ್ತರದ ಕಮಾನು ಅದೇ ಭಾರಕ್ಕೆ 3.75 ಪಟ್ಟು ಹೆಚ್ಚು ಒತ್ತುತ್ತದೆ. ಕಾಂಕ್ರೀಟಿಗೆ ಒತ್ತು ತಾಳುವುದು ಕಷ್ಟವಲ್ಲ. ಕಷ್ಟ ಬೇರೆ ಕಡೆ ಅಡಗಿತ್ತು.

ಜಾಕ್ ಇಟ್ಟು ಬಿಚ್ಚಿದ ಸೆಂಟ್ರಿಂಗ್

ಕಮಾನಿಗೆ ಫ್ರೇಸಿನೆ ಮೂರು ಕೀಲುಗಳನ್ನಿಟ್ಟಿದ್ದ: ಎರಡು ಪಾದಗಳಲ್ಲಿ, ಒಂದು ನೆತ್ತಿಯಲ್ಲಿ. ಮೂರು ಕೀಲಿನ ಕಮಾನಿಗೆ ಒಂದು ಒಳ್ಳೆಯ ಗುಣವಿದೆ. ಬಿಸಿಲಿಗೆ ಹಿಗ್ಗಿದರೂ, ತಳಪಾಯ ತುಸು ಕುಸಿದರೂ, ಕೀಲುಗಳಲ್ಲಿ ತಿರುಗಿ ಹೊಂದಿಕೊಳ್ಳುತ್ತದೆ. ಒಳಗೆ ಹೊಸ ಬಲಗಳು ಹುಟ್ಟುವುದಿಲ್ಲ. ಲೆಕ್ಕವೂ ಸುಲಭ. ಆ ಕಾಲದ ಎಂಜಿನಿಯರುಗಳು ಅದನ್ನು ಮೆಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ.

ಸೆಂಟ್ರಿಂಗ್ ಬಿಚ್ಚುವಲ್ಲಿ ಮಾತ್ರ ಆತ ಹೊಸ ದಾರಿ ಹಿಡಿದ. ವಾಡಿಕೆಯಂತೆ ಮರದ ಆಧಾರವನ್ನು ಕೆಳಕ್ಕಿಳಿಸಿದರೆ ಕಮಾನೂ ಅದರ ಜೊತೆ ಒಂದಿಷ್ಟು ಇಳಿಯುತ್ತದೆ. ಚಪ್ಪಟೆ ಕಮಾನಿಗೆ ಅದು ಒಳ್ಳೆಯದಲ್ಲ. ಫ್ರೇಸಿನೆ ನೆತ್ತಿಯಲ್ಲಿ, ಎರಡು ಅರ್ಧ ಕಮಾನುಗಳ ನಡುವೆ, ಹೈಡ್ರಾಲಿಕ್ ಜಾಕ್‌ಗಳನ್ನು ಅಡ್ಡಲಾಗಿ ಇಟ್ಟ. ಅವು ಎರಡೂ ಅರ್ಧಗಳನ್ನು ದೂಡಿದಾಗ ಪಾದಗಳು ಹಿಂದೆ ಸರಿಯುವಂತಿಲ್ಲ, ಆದ್ದರಿಂದ ನೆತ್ತಿ ಮೇಲೇಳುತ್ತದೆ. ಸೆಂಟ್ರಿಂಗು ಇದ್ದಲ್ಲೇ ಇರುತ್ತದೆ, ಕಮಾನೇ ಅದನ್ನು ಬಿಟ್ಟು ಎದ್ದುಬಿಡುತ್ತದೆ!

ಇದಕ್ಕೂ ಮೊದಲು, 1908ರಲ್ಲಿ, ಮೂಲ್ಯಾಂನಲ್ಲಿ 50 ಮೀ. ಹರವಿನ ಒಂದು ಪರೀಕ್ಷಾ ಕಮಾನನ್ನು ಕಟ್ಟಿದ್ದರು. ಅದರ ಪಾದಗಳು ಹೊರಕ್ಕೆ ಸರಿಯದಂತೆ ಎರಡನ್ನೂ ಉಕ್ಕಿನ ತಂತಿಗಳಿಂದ ಬಿಗಿದು, ತಂತಿಗಳನ್ನು ಮೊದಲೇ ಎಳೆದು ಕಟ್ಟಲಾಗಿತ್ತು. ಈ ಬಿಗಿದ ತಂತಿಗಳನ್ನು ಓದುಗರು ನೆನಪಿನಲ್ಲಿಡಬೇಕು.

1911ರ ರಾತ್ರಿ

ಸೇತುವೆ ಭಾರ ಪರೀಕ್ಷೆಯಲ್ಲಿ ಗೆದ್ದಿತು. ಜನ ಓಡಾಡಿದರು, ಗಾಡಿಗಳು ಓಡಾಡಿದವು. ಕೆಲವು ತಿಂಗಳು ಕಳೆದ ಮೇಲೆ, 1911ರಲ್ಲಿ, ಸೇತುವೆಯ ಕೈಪಿಡಿಗೋಡೆ ಕಮಾನುಗಳ ನೆತ್ತಿಯ ಬಳಿ ತಗ್ಗಿದಂತೆ ಫ್ರೇಸಿನೆಗೆ ಕಂಡಿತು. ಅಳತೆ ಮಾಡಿದರೆ ನಿಜ. ನೆತ್ತಿಗಳು ಇಳಿಯುತ್ತಿದ್ದವು, ಇಳಿಯುವುದು ನಿಲ್ಲುತ್ತಲೂ ಇರಲಿಲ್ಲ. ಕೊನೆಗೆ ಇಳಿತ ಸುಮಾರು 13 ಸೆಂ.ಮೀ.ವರೆಗೂ ಮುಟ್ಟಿತು.

ತಳಪಾಯ ಸರಿದಿರಲಿಲ್ಲ. ಕಾಂಕ್ರೀಟು ಬಿರುಕು ಬಿಟ್ಟಿರಲಿಲ್ಲ. ಹಾಗಿದ್ದರೆ ಕಮಾನು ಇಳಿದದ್ದು ಹೇಗೆ? ಒಂದೇ ಉತ್ತರ ಉಳಿಯಿತು. ಕಮಾನಿನ ಕಾಂಕ್ರೀಟೇ ಉದ್ದದಲ್ಲಿ ಕುಗ್ಗುತ್ತಿದೆ. ನಿಯಮಾವಳಿಯ ಪ್ರಕಾರ ಆಗದ ಮಾತು ಅದು.

ಎಷ್ಟು ಕುಗ್ಗಿರಬಹುದು? ಹತ್ತನೇ ತರಗತಿಯ ಗಣಿತ ಸಾಕು. ಅರ್ಧ ಕಮಾನನ್ನು ಪಾದದಿಂದ ನೆತ್ತಿಗೆ ಎಳೆದ ಒಂದು ನೇರ ಕೋಲು ಎಂದುಕೊಳ್ಳಿ. ಹರವಿನ ಅರ್ಧ a = 36.25 ಮೀ., ಎತ್ತರ f = 4.83 ಮೀ. ಪೈಥಾಗೊರಸ್ ಪ್ರಮೇಯದಿಂದ ಕೋಲಿನ ಉದ್ದ s = 36.57 ಮೀ. ಇಲ್ಲಿ a ಬದಲಾಗುವುದಿಲ್ಲ. s ತುಸು ಕಡಿಮೆಯಾದರೆ f ಎಷ್ಟು ಕಡಿಮೆಯಾಗುತ್ತದೆ? s ಕುಗ್ಗಿದ್ದಕ್ಕಿಂತ s/f ಪಟ್ಟು. ನಮ್ಮ ಸೇತುವೆಗೆ ಇದು 7.6. ಅಂದರೆ ನೆತ್ತಿ 13 ಸೆಂ.ಮೀ. ಇಳಿಯಲು ಅರ್ಧ ಕಮಾನು ಬರೀ 1.7 ಸೆಂ.ಮೀ. ಕುಗ್ಗಿದರೆ ಸಾಕು. ಇದು ಪ್ರತಿ ಮೀಟರಿಗೆ ಅರ್ಧ ಮಿಲಿಮೀಟರಿಗೂ ಕಡಿಮೆ! ಹರವಿನ ಕಾಲುಭಾಗ ಎತ್ತರವಿದ್ದ ಕಮಾನಾಗಿದ್ದರೆ s/f ಎರಡೂಕಾಲಿಗಿಂತ ಕಡಿಮೆ. ಅದೇ ಕುಗ್ಗುವಿಕೆಗೆ ನೆತ್ತಿ ನಾಲ್ಕು ಸೆಂ.ಮೀ. ಇಳಿಯುತ್ತಿತ್ತು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹಳೆಯ ಕಾಂಕ್ರೀಟ್ ಕಟ್ಟಡಗಳೆಲ್ಲ ಗುಟ್ಟಾಗಿ ಕುಗ್ಗುತ್ತಲೇ ಇದ್ದವು. ಲ ವರ್ದ್ರಿನ ಚಪ್ಪಟೆ ಕಮಾನು ಆ ಗುಟ್ಟನ್ನು ಏಳೂವರೆ ಪಟ್ಟು ಹಿಗ್ಗಿಸಿ ತೋರಿಸಿತು.

ಇದನ್ನು ತರಗತಿಯಲ್ಲೇ ಮಾಡಿ ನೋಡಬಹುದು. 30 ಸೆಂ.ಮೀ. ಉದ್ದದ ಎರಡು ಗಟ್ಟಿ ರಟ್ಟಿನ ಪಟ್ಟಿಗಳನ್ನು ತುದಿಯಲ್ಲಿ ಅಂಟುಪಟ್ಟಿಯಿಂದ ಕೀಲಿನಂತೆ ಜೋಡಿಸಿ. ಮೇಜಿನ ಮೇಲೆ 59.5 ಸೆಂ.ಮೀ. ಅಂತರದಲ್ಲಿ ಎರಡು ದಪ್ಪ ಪುಸ್ತಕಗಳನ್ನಿಟ್ಟು ನಡುವೆ ಕಮಾನಿನಂತೆ ನಿಲ್ಲಿಸಿ. ನೆತ್ತಿ ಸುಮಾರು 3.9 ಸೆಂ.ಮೀ. ಎತ್ತರದಲ್ಲಿರುತ್ತದೆ. ಈಗ ಪುಸ್ತಕಗಳನ್ನು ತಲಾ ಎರಡೇ ಮಿಲಿಮೀಟರ್ ಹೊರಕ್ಕೆ ಸರಿಸಿ. (ಪಟ್ಟಿ ಕುಗ್ಗುವುದೂ ಆಸರೆ ಸರಿಯುವುದೂ ಪರಿಣಾಮದಲ್ಲಿ ಒಂದೇ.) ನೆತ್ತಿ 1.7 ಸೆಂ.ಮೀ.ಗೆ ಇಳಿದಿರುತ್ತದೆ. ಇನ್ನೊಂದು ಮಿಲಿಮೀಟರ್ ಸರಿಸಿದರೆ ಏನಾಗುತ್ತದೆಂದು ಮಕ್ಕಳೇ ಹೇಳಲಿ.

ಅಪಾಯ ಇದ್ದದ್ದು ಇಲ್ಲಿಯೇ. ನೆತ್ತಿ ಇಳಿದಷ್ಟೂ s/f ಹೆಚ್ಚುತ್ತದೆ, ಅಂದರೆ ಮುಂದಿನ ಕುಗ್ಗುವಿಕೆಗೆ ಇನ್ನೂ ಹೆಚ್ಚು ಇಳಿಯುತ್ತದೆ. f ಕಡಿಮೆಯಾದಂತೆ ಒತ್ತುಬಲವೂ ಏರುತ್ತದೆ. ಒತ್ತುಬಲ ಹರಿಯುವ ದಾರಿ ಕಮಾನಿನ ನಡುಗೆರೆಯನ್ನು ಬಿಟ್ಟು ಸರಿದಾಗ ಅರ್ಧ ಕಮಾನುಗಳು ಬಾಗತೊಡಗುತ್ತವೆ. ನೆತ್ತಿಯ ಕೀಲು ಇದಾವುದನ್ನೂ ತಡೆಯುವುದಿಲ್ಲ. ಹೊಂದಿಕೊಳ್ಳುವುದೇ ಅದರ ಗುಣವಲ್ಲವೇ! ಲೆಕ್ಕದ ಅನುಕೂಲಕ್ಕೆ ಇಟ್ಟ ಕೀಲೇ ಸೇತುವೆಯನ್ನು ಕೆಡವುವ ಹಂತಕ್ಕೆ ಬಂದಿತ್ತು.

ಮುಂದೆ ನಡೆದದ್ದನ್ನು ಫ್ರೇಸಿನೆ ಮುಪ್ಪಿನಲ್ಲಿ ತಾನೇ ಹೇಳಿಕೊಂಡಿದ್ದಾನೆ. ರಾತ್ರಿ ಸೈಕಲ್ ಹತ್ತಿ ಮೂಲ್ಯಾಂನಿಂದ ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದ ಲ ವರ್ದ್ರಿಗೆ ಹೋದ. ಮೇಸ್ತ್ರಿ ಬಿಗೆಯನ್ನೂ ನಂಬಿಕಸ್ತರಾದ ಮೂವರು ಕೆಲಸಗಾರರನ್ನೂ ನಿದ್ದೆಯಿಂದ ಎಬ್ಬಿಸಿದ. ಐವರೂ ಸೇರಿ ಹಿಂದೆ ಬಳಸಿದ್ದ ಜಾಕ್‌ಗಳನ್ನು ಮತ್ತೆ ನೆತ್ತಿಗಳಲ್ಲಿ ಕೂರಿಸಿದರು. ಎಂದಾದರೂ ಬೇಕಾದೀತು ಎಂದು ಆತ ಮೊದಲೇ ಅದಕ್ಕೆ ಅವಕಾಶ ಇಟ್ಟುಕೊಂಡಿದ್ದ. ಮಟ್ಟ ನೋಡುವ ದುರ್ಬೀನಿಗೆ ಸಾಕಾಗುವಷ್ಟು ಬೆಳಕು ಹರಿಯುತ್ತಲೇ ಮೂರೂ ಕಮಾನುಗಳನ್ನು ಒಟ್ಟಿಗೆ ಎತ್ತತೊಡಗಿದರು. ಅಂದು ಸಂತೆಯ ದಿನ. ಆಗಾಗ ಕೆಲಸ ನಿಲ್ಲಿಸಿ ಗಾಡಿಗಳನ್ನು ದಾಟಿಸಬೇಕಾಯಿತು! ಸಂತೆಗೆ ಹೊರಟವರಿಗೆ ತಾವು ಎಂಥ ಸೇತುವೆಯ ಮೇಲೆ ಹೋಗುತ್ತಿದ್ದೇವೆಂಬ ಅರಿವು ಇದ್ದಿರಲಾರದು.

ನಮ್ಮ ಸರಳ ಲೆಕ್ಕದ ಪ್ರಕಾರ 13 ಸೆಂ.ಮೀ. ಇಳಿದ ನೆತ್ತಿಯನ್ನು ಮೊದಲಿನ ಮಟ್ಟಕ್ಕೆ ತರಲು ಎರಡು ಅರ್ಧಗಳ ನಡುವೆ ಮೂರೂವರೆ ಸೆಂ.ಮೀ.ಯಷ್ಟು ತೆರೆದರೆ ಸಾಕು. ನೆತ್ತಿಗಳು ಮಟ್ಟಕ್ಕೆ ಬಂದ ಮೇಲೆ ಕೀಲುಗಳ ಜಾಗದಲ್ಲಿ ಕಾಂಕ್ರೀಟ್ ತುಂಬಿ ಗಟ್ಟಿ ಮಾಡಲಾಯಿತು. ಮೂರು ಕೀಲಿನ ಕಮಾನು ಎರಡು ಕೀಲಿನದಾಯಿತು. ಇನ್ನು ಕಾಂಕ್ರೀಟು ಕುಗ್ಗಿದರೂ ನೆತ್ತಿಯ ಬಳಿಯ ಬಿಗುವು ಅದನ್ನು ತಡೆಯುತ್ತಿತ್ತು. ಅಲ್ಲಿಂದ ಮುಂದೆ ಸೇತುವೆ ತೊಂದರೆ ಕೊಡಲಿಲ್ಲ.

ಮೇಲಧಿಕಾರಿಗಳಿಗೆ ಹೇಳದೆ, ಸಂಚಾರ ನಿಲ್ಲಿಸದೆ ಈ ಕೆಲಸ ಮಾಡಿದ್ದು ಸರಿಯೇ ಎಂದು ಕೇಳಬಹುದು. ಇಂದು ಯಾವ ಎಂಜಿನಿಯರೂ ಹಾಗೆ ಮಾಡಕೂಡದು; ಸೇತುವೆಯ ಮೇಲೆ ಜನ ಓಡಾಡುತ್ತಿದ್ದರು. ಆದರೆ ಅವನ ವರದಿಯನ್ನು ಓದಬೇಕಾಗಿದ್ದವರು, ಕಾಂಕ್ರೀಟ್ ಹೀಗೆ ಕುಗ್ಗುವುದೇ ಇಲ್ಲ ಎಂದು ಬರೆದ ನಿಯಮಾವಳಿಯನ್ನು ಮುಂದಿಟ್ಟುಕೊಂಡವರು ಎಂಬುದನ್ನೂ ಮರೆಯುವಂತಿಲ್ಲ.

ಕಾಂಕ್ರೀಟ್ ಏಕೆ ತೆವಳುತ್ತದೆ?

ಸ್ಥಿರವಾದ ಭಾರದಡಿ ಕಾಲಕ್ರಮದಲ್ಲಿ ಹೆಚ್ಚುತ್ತ ಹೋಗುವ ಈ ಕುಗ್ಗುವಿಕೆಗೆ ಕ್ರೀಪ್ ಎಂದು ಹೆಸರು. ಕನ್ನಡದಲ್ಲಿ ತೆವಳಿಕೆ ಎನ್ನಬಹುದು. ಅಮೆರಿಕದ ಹ್ಯಾಟ್ ಎಂಬಾತ 1907ರಲ್ಲೇ ಪ್ರಬಲಿತ ಕಾಂಕ್ರೀಟಿನ ತೊಲೆಗಳ ಮೇಲೆ ಭಾರ ಬಿಟ್ಟು, ಬಾಗು ದಿನದಿನಕ್ಕೆ ಹೆಚ್ಚುವುದನ್ನು ಗಮನಿಸಿ ಪ್ರಕಟಿಸಿದ್ದ. ಆದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಂಡವರು ಕಡಿಮೆ.

ಮನೆಯ ಮರದ ಕಪಾಟಿನ ಹಲಗೆ ಪುಸ್ತಕಗಳ ಭಾರಕ್ಕೆ ವರ್ಷಗಳು ಕಳೆದಂತೆ ಬಾಗುವುದನ್ನು ನೀವು ನೋಡಿರುತ್ತೀರಿ. ಪುಸ್ತಕ ತೆಗೆದರೂ ಬಾಗು ಪೂರ್ತಿ ಹೋಗುವುದಿಲ್ಲ. ಅದೂ ತೆವಳಿಕೆಯೇ. ಕಾಂಕ್ರೀಟಿನಲ್ಲಿ ಜಲ್ಲಿ ಮತ್ತು ಮರಳು ಹೆಚ್ಚುಕಡಿಮೆ ತೆವಳುವುದಿಲ್ಲ. ತೆವಳುವುದು ಅವನ್ನು ಬಂಧಿಸಿರುವ ಸಿಮೆಂಟಿನ ಅಂಟು. ಸಿಮೆಂಟು ನೀರಿನೊಡನೆ ಸೇರಿ ಗಟ್ಟಿಯಾದಾಗ ಮುಖ್ಯವಾಗಿ ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್ ಎಂಬ ವಸ್ತು ಉಂಟಾಗುತ್ತದೆ. ಇದು ಕಲ್ಲಿನಂತೆ ಒಂದೇ ಗಟ್ಟಿಯಲ್ಲ. ಅತಿ ಸೂಕ್ಷ್ಮ ಪದರಗಳು, ಅವುಗಳ ನಡುವೆ ನ್ಯಾನೋಮೀಟರ್ ಗಾತ್ರದ ಸಂದುಗಳು, ಸಂದುಗಳಲ್ಲಿ ನೀರು. ಭಾರ ಬಿದ್ದಾಗ ಪದರಗಳು ಒಂದರ ಮೇಲೊಂದು ಕಿಂಚಿತ್ ಜಾರುತ್ತವೆ, ನೀರಿನ ಅಣುಗಳು ಜಾಗ ಬದಲಿಸುತ್ತವೆ. ಈ ಹೊಂದಾಣಿಕೆ ಮೊದಮೊದಲು ಬೇಗ, ಬರಬರುತ್ತ ನಿಧಾನ. ಹತ್ತಾರು ವರ್ಷವಾದರೂ ಪೂರ್ತಿ ನಿಲ್ಲುವುದಿಲ್ಲ. ಅಣುಮಟ್ಟದಲ್ಲಿ ನಿಖರವಾಗಿ ಏನು ನಡೆಯುತ್ತದೆಂಬುದರ ಬಗ್ಗೆ ಸಂಶೋಧಕರಲ್ಲಿ ಇಂದಿಗೂ ಚರ್ಚೆಯಿದೆ.

ಪ್ರಮಾಣ ಸಣ್ಣದೇನಲ್ಲ. ಭಾರ ಹೇರಿದ ಕೂಡಲೇ ಆಗುವ ಕುಗ್ಗುವಿಕೆಯ ಎರಡು ಮೂರು ಪಟ್ಟು ತೆವಳಿಕೆಯಿಂದ ಆಗಬಹುದು. ಎಳೆಯ ಕಾಂಕ್ರೀಟಿಗೆ ಬೇಗ ಭಾರ ಕೊಟ್ಟರೆ ಹೆಚ್ಚು, ನೀರು ಜಾಸ್ತಿ ಸುರಿದು ಕಲಸಿದ್ದರೆ ಹೆಚ್ಚು, ಒಣಹವೆಯಲ್ಲಿ ಇನ್ನೂ ಹೆಚ್ಚು. ಸೆಂಟ್ರಿಂಗ್ ಬಿಚ್ಚಲು ಕಾಯುವ ಮೇಸ್ತ್ರಿಯ ತಾಳ್ಮೆಗೆ ಬಲಕ್ಕಿಂತ ಬೇರೆಯದೂ ಒಂದು ಸಮರ್ಥನೆ ಇದೆ ಎಂದಾಯಿತು. ಇದಲ್ಲದೆ, ಭಾರವೇ ಇಲ್ಲದಿದ್ದರೂ ಒಣಗುವಾಗ ಕಾಂಕ್ರೀಟು ಕುಗ್ಗುತ್ತದೆ. ಎರಡೂ ಒಟ್ಟಿಗೆ ನಡೆಯುವುದರಿಂದ ಬೇರ್ಪಡಿಸಿ ಅಳೆಯುವುದು ಸುಲಭವಲ್ಲ.

ರೋಗದಿಂದ ಬಂದ ಮದ್ದು

ಬೇರೊಬ್ಬನಾಗಿದ್ದರೆ ತೆವಳಿಕೆಯನ್ನು ಒಂದು ಪೀಡೆ ಎಂದು ಕರೆದು ಸುಮ್ಮನಾಗುತ್ತಿದ್ದನೇನೋ. ಫ್ರೇಸಿನೆಗೆ ಅದು ಹಳೆಯ ಒಂದು ಒಗಟಿಗೆ ಉತ್ತರವಾಗಿ ಕಂಡಿತು.

ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ಹಳ್ಳಿಯಲ್ಲಿ ಬೆಳೆದವರು ನೋಡಿರುತ್ತಾರೆ. ಪಟ್ಟಿಯನ್ನು ಕೆಂಪಗೆ ಕಾಯಿಸಿ ಚಕ್ರಕ್ಕೆ ತೊಡಿಸಿ ನೀರು ಸುರಿದರೆ ಅದು ಕುಗ್ಗಿ ಮರದ ತುಂಡುಗಳನ್ನೆಲ್ಲ ಬಿಗಿದು ಹಿಡಿಯುತ್ತದೆ. ಕಾಂಕ್ರೀಟನ್ನೂ ಹೀಗೆ ಮೊದಲೇ ಬಿಗಿದಿಟ್ಟರೆ, ಒತ್ತನ್ನು ತಾಳಿ ಎಳೆತಕ್ಕೆ ಸೋಲುವ ಅದರ ದೌರ್ಬಲ್ಯ ನೀಗುತ್ತದೆ. ಭಾರದಿಂದ ಬರುವ ಎಳೆತ ಮೊದಲು ಈ ಬಿಗುವನ್ನು ಕಳೆಯಬೇಕಷ್ಟೆ. 1880ರ ದಶಕದಲ್ಲೇ ಅಮೆರಿಕದ ಜಾಕ್ಸನ್, ಜರ್ಮನಿಯ ಡೋರಿಂಗ್ ಈ ಯೋಚನೆ ಮಾಡಿದ್ದರು. ಕಬ್ಬಿಣದ ಸರಳನ್ನು ಎಳೆದು ಕಟ್ಟಿದರೆ ಕೆಲ ಕಾಲದಲ್ಲೇ ಬಿಗುವು ಮಾಯವಾಗುತ್ತಿತ್ತು. ಏಕೆಂದು ತಿಳಿಯದೆ ಆ ದಾರಿಯನ್ನು ಬಹುಪಾಲು ಮಂದಿ ಕೈಬಿಟ್ಟರು.

ತೆವಳಿಕೆಯನ್ನು ಬಲ್ಲವನಿಗೆ ಉತ್ತರ ಸ್ಪಷ್ಟ. ಸಾಧಾರಣ ಉಕ್ಕಿನ ಸರಳನ್ನು 150 ಮೆಗಾಪಾಸ್ಕಲ್ ವರೆಗೆ ಎಳೆದರೆ, ಉಕ್ಕಿನ ಯಂಗ್ ಗುಣಾಂಕ ಸುಮಾರು 2,00,000 ಮೆಗಾಪಾಸ್ಕಲ್ ಆದ್ದರಿಂದ, ಪ್ರತಿ ಮೀಟರಿಗೆ 0.75 ಮಿ.ಮೀ. ಹಿಗ್ಗುತ್ತದೆ. ತೆವಳಿಕೆ ಮತ್ತು ಒಣಗುವ ಕುಗ್ಗುವಿಕೆ ಸೇರಿ ಕಾಂಕ್ರೀಟು ಪ್ರತಿ ಮೀಟರಿಗೆ ಹೆಚ್ಚುಕಡಿಮೆ ಅಷ್ಟೇ ಕುಗ್ಗಬಲ್ಲದು. ಆಗ ಸರಳು ತನ್ನ ಮೊದಲಿನ ಉದ್ದಕ್ಕೆ ಮರಳುತ್ತದೆ, ಬಿಗುವು ಸೊನ್ನೆ. ಅದರ ಬದಲು ಬಲವಾದ ಉಕ್ಕಿನ ತಂತಿಯನ್ನು 1000 ಮೆಗಾಪಾಸ್ಕಲ್ ವರೆಗೆ ಎಳೆಯಿರಿ. ಹಿಗ್ಗುವುದು ಪ್ರತಿ ಮೀಟರಿಗೆ 5 ಮಿ.ಮೀ. ಅದರಲ್ಲಿ 0.75 ಹೋದರೂ ನೂರಕ್ಕೆ 85ರಷ್ಟು ಬಿಗುವು ಉಳಿಯುತ್ತದೆ. ತೆವಳಿಕೆಯನ್ನು ಗೆಲ್ಲಲಾಗದು, ಅದಕ್ಕೆ ಕೊಡಬೇಕಾದ್ದನ್ನು ಕೊಟ್ಟು ಮಿಕ್ಕದ್ದನ್ನು ಉಳಿಸಿಕೊಳ್ಳಬಹುದು. ಪ್ರೀಸ್ಟ್ರೆಸ್ಡ್ ಕಾಂಕ್ರೀಟಿನ ಗುಟ್ಟೆಲ್ಲ ಇಷ್ಟೇ.

ಇಷ್ಟನ್ನು ಖಚಿತವಾಗಿ ಹೇಳಲು ಆತನಿಗೆ ಅಳತೆಗಳು ಬೇಕಾಗಿದ್ದವು. ಬ್ರಿಟನಿ ಪ್ರಾಂತದ ಪ್ಲೂಗಾಸ್ತೆಲ್‌ನಲ್ಲಿ ತಲಾ ಸುಮಾರು 180 ಮೀ. ಹರವಿನ ಮೂರು ಕಾಂಕ್ರೀಟ್ ಕಮಾನುಗಳ ಸೇತುವೆಯನ್ನು (1930ರಲ್ಲಿ ಉದ್ಘಾಟನೆಯಾದಾಗ ಅವು ಜಗತ್ತಿನಲ್ಲೇ ಅತಿ ದೊಡ್ಡ ಕಾಂಕ್ರೀಟ್ ಕಮಾನುಗಳು) ಕಟ್ಟಿಸುವಾಗ ತೆವಳಿಕೆಯ ಪ್ರಯೋಗಗಳನ್ನು ನಡೆಸಿದ. 1928ರ ಅಕ್ಟೋಬರಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಆಗ ವಯಸ್ಸು ಐವತ್ತಕ್ಕೆ ಹತ್ತಿರ. ಒಳ್ಳೆಯ ಆದಾಯದ ಕೆಲಸ ಬಿಟ್ಟು, ಕೂಡಿಟ್ಟ ಹಣವನ್ನೆಲ್ಲ ವಿದ್ಯುತ್ ಕಂಬಗಳ ಕಾರ್ಖಾನೆಗೆ ಸುರಿದ. ಕಂಬಗಳು ಚೆನ್ನಾಗಿದ್ದವು, ಆರ್ಥಿಕ ಕುಸಿತದ ಕಾಲದಲ್ಲಿ ಕೊಳ್ಳುವವರಿರಲಿಲ್ಲ. ಲ ಆವ್ರ್ ಬಂದರಿನ ಹಡಗು ನಿಲ್ದಾಣದ ಕಟ್ಟಡ ನೆಲದಲ್ಲಿ ಹೂತುಹೋಗುತ್ತಿದ್ದಾಗ ಅದರ ಅಡಿಪಾಯವನ್ನು ಈ ವಿಧಾನದಿಂದ ಉಳಿಸಿಕೊಟ್ಟ ಮೇಲೆ, 1930ರ ದಶಕದ ನಡುವಿನಲ್ಲಿ, ಜನ ಅವನ ಮಾತು ಕೇಳತೊಡಗಿದರು. ಮಾರ್ನ್ ನದಿಯ ಮೇಲಿನ ಲ್ಯೂಜಾನ್ಸಿ ಸೇತುವೆ (1946) ಮತ್ತು ಆಮೇಲೆ ಕಟ್ಟಿದ ಅದೇ ನದಿಯ ಐದು ಸೇತುವೆಗಳು ಈ ಪದ್ಧತಿಯನ್ನು ಜಗತ್ತಿಗೆ ಪರಿಚಯಿಸಿದವು. ನಮ್ಮ ರೈಲು ಹಳಿಗಳ ಕೆಳಗಿನ ಕಾಂಕ್ರೀಟ್ ಸ್ಲೀಪರುಗಳು, ಬೆಂಗಳೂರಿನ ಮೆಟ್ರೋ ಹಳಿಯ ತೊಲೆಗಳು ಇದೇ ವಂಶದವು.

ಹಾಗೆಂದು ತೆವಳಿಕೆ ಪಳಗಿತು ಎಂದುಕೊಳ್ಳುವಂತಿಲ್ಲ. ಶಾಂತಸಾಗರದ ಪಲಾವ್ ದ್ವೀಪಗಳಲ್ಲಿ 1977ರಲ್ಲಿ ಕಟ್ಟಿದ, 241 ಮೀ. ಹರವಿನ ಪ್ರೀಸ್ಟ್ರೆಸ್ಡ್ ಸೇತುವೆಯ ನಡುಭಾಗ ಹದಿನೆಂಟು ವರ್ಷಗಳಲ್ಲಿ ಒಂದೂವರೆ ಮೀಟರಿನಷ್ಟು ತಗ್ಗಿತು. ವಿನ್ಯಾಸದಲ್ಲಿ ಊಹಿಸಿದ್ದಕ್ಕಿಂತ ಇದು ಬಹಳ ಹೆಚ್ಚು. ಅಲ್ಲಿಯೂ ನಡುವೆ ಒಂದು ಕೀಲಿತ್ತು! ದುರಸ್ತಿ ಮಾಡಿದ ಕೆಲವೇ ತಿಂಗಳಲ್ಲಿ, 1996ರ ಸೆಪ್ಟೆಂಬರಿನಲ್ಲಿ, ಅದು ಕುಸಿದು ಇಬ್ಬರು ಸತ್ತರು. ಸಂಹಿತೆಗಳಲ್ಲಿದ್ದ ತೆವಳಿಕೆಯ ಸೂತ್ರಗಳು ದೀರ್ಘಕಾಲದ ಪರಿಣಾಮವನ್ನು ಕಡಿಮೆ ಅಂದಾಜು ಮಾಡುತ್ತವೆ ಎಂದು ಆ ಸೇತುವೆಯ ದಾಖಲೆಗಳನ್ನು ಪರಿಶೀಲಿಸಿದವರು ತೋರಿಸಿದ್ದಾರೆ.

ಲ ವರ್ದ್ರ್ ಸೇತುವೆ ಈಗ ಇಲ್ಲ. ಎರಡನೆಯ ಮಹಾಯುದ್ಧದಲ್ಲಿ, 1940ರಲ್ಲಿ ಅದನ್ನು ಸಿಡಿಸಲಾಯಿತು. ಫ್ರೇಸಿನೆ ತೀರಿಕೊಂಡದ್ದು 1962ರಲ್ಲಿ. ಮೂರರಲ್ಲಿ ಕೊನೆಯದಾಗಿ, 1913ರಲ್ಲಿ ಮುಗಿದ ಬೂತಿರೋಂ ಸೇತುವೆ ವಿಶಿಯ ಬಳಿ ಇಂದಿಗೂ ನಿಂತಿದೆ. ಅದೇ ಚಪ್ಪಟೆ ಕಮಾನುಗಳು, ಅದೇ ಓರೆಪಟ್ಟಿಗಳ ಹಂದರ. ಅದರ ನೆತ್ತಿಯಲ್ಲಿ ಮಾತ್ರ ಕೀಲು ಇಲ್ಲ.